ಬೆಳ್ಳ, ಬೆಲ್ಲ ಮತ್ತು ಕಾಸರಗೋಡು: ಊರು ನೋಡಲು ಬರುವವರಿಗೆ ಒಂದಿಷ್ಟು ಇತಿಹಾಸ

ಕೆಲವು ವರ್ಷಗಳ ಹಿಂದೆ ಮೈಸೂರು ಕಡೆಯ ಸ್ನೇಹಿತರೊಬ್ಬರು ನಮ್ಮಲ್ಲಿಗೆ ಬಂದಿದ್ದರು. ಮಧ್ಯಾಹ್ನದ ಬಿಸಿಲಿನಲ್ಲಿ ಕಾಸರಗೋಡು ಪೇಟೆಯ ಒಂದು ಗೂಡಂಗಡಿಯಲ್ಲಿ ಕುಡಿಯಲು ನೀರು ಕೇಳಿದರು. ಅಂಗಡಿಯವರು ಒಳಗಿದ್ದ ಹುಡುಗನನ್ನು ಕರೆದು ಇವರಿಗೆ ‘ಬೆಳ್ಳಂ’ ಕೊಡು ಎಂದರು. ನಮ್ಮ ಸ್ನೇಹಿತರು ಗಾಬರಿಯಿಂದ, "ಬೆಲ್ಲ ಬೇಡಪ್ಪಾ, ಬರೇ ನೀರು ಸಾಕು" ಅಂದರು. ಅಂಗಡಿಯವರಿಗೆ ಕನ್ನಡ ಚೆನ್ನಾಗಿಯೇ ಬರುತ್ತಿತ್ತು. ಹೊಟ್ಟೆ ಹಿಡಿದುಕೊಂಡು ನಕ್ಕು, "ಎರಡೂ ಕೊಡುವ ಮಾಷ್ಟ್ರೆ, ಬೆಲ್ಲ ನೀರು ಕೊಡುವುದು ನಿಮ್ಮದೇ ಕ್ರಮ ಅಲ್ವಾ?" ಎಂದರು.

ತೆಂಕಣ ಮಲಯಾಳದಲ್ಲಿ ನೀರಿಗೆ ‘ವೆಳ್ಳಂ’. ನಮ್ಮ ಕಾಸರಗೋಡಿನ ಮಲಯಾಳದಲ್ಲಿ ‘ವ’ಕಾರ ಎಷ್ಟೋ ಕಡೆ ‘ಬ’ಕಾರವಾಗುತ್ತದೆ. ಮೂಲ ದ್ರಾವಿಡದ ‘ವ’ಕಾರ ಕನ್ನಡಕ್ಕೆ ಬರುವಾಗ ‘ಬ’ಕಾರವಾದ ಪಾಠವನ್ನು ನಾವು ಮಕ್ಕಳಿಗೆ ಮಾಡುತ್ತೇವಲ್ಲ, ಅದೇ ದಾರಿ ಇದು. ತಿರುವನಂತಪುರದಿಂದ ವರ್ಗವಾಗಿ ಬಂದ ಮಲಯಾಳಿಗಳಿಗೂ ಈ ಮಲಯಾಳ ಮೊದಲ ಒಂದು ತಿಂಗಳು ಅರ್ಥವಾಗುವುದಿಲ್ಲ. ಹಾಗಾಗಿ ಮೈಸೂರಿನವರು ಬೆಲ್ಲ ಎಂದು ತಿಳಿದುಕೊಂಡದ್ದರಲ್ಲಿ ಅವಮಾನವೇನೂ ಇಲ್ಲ.

ಇಲ್ಲಿಗೆ ಬರುವವರು ನಮ್ಮನ್ನು ಮೊದಲು ಕೇಳುವ ಪ್ರಶ್ನೆ ಒಂದೇ: "ನಿಮ್ಮ ಊರಿನ ಭಾಷೆ ಯಾವುದು?" ಕನ್ನಡ ಎಂದರೆ ಅರ್ಧ ಸುಳ್ಳು, ಮಲಯಾಳ ಎಂದರೆ ಇನ್ನರ್ಧ ಸುಳ್ಳು, ಏಳು ಭಾಷೆ ಎಂದರೆ ಸರಕಾರಿ ಭಾಷಣದ ಹಾಗೆ ಕೇಳಿಸುತ್ತದೆ. ಆದ್ದರಿಂದ ಸ್ವಲ್ಪ ಹಿಂದಿನಿಂದಲೇ ಹೇಳಿಕೊಂಡು ಬರುವುದು ಒಳ್ಳೆಯದು.

ನಮ್ಮ ನೆಲದ ಒಂದು ವಿಶೇಷವೆಂದರೆ, ಹೊರಗಿನಿಂದ ಬಂದ ಪ್ರತಿಯೊಬ್ಬರೂ ಇಲ್ಲಿ ಒಂದು ಗೆರೆ ಎಳೆದು ಹೋಗಿದ್ದಾರೆ, ಮತ್ತು ಒಬ್ಬರ ಗೆರೆ ಇನ್ನೊಬ್ಬರ ಗೆರೆಯ ಮೇಲೆ ಬೀಳುವುದಿಲ್ಲ. ಹದಿನಾರನೆಯ ಶತಮಾನದ ಆರಂಭದಲ್ಲಿ ಈ ಕರಾವಳಿಯ ಬಗ್ಗೆ ಬರೆದ ಪೋರ್ಚುಗೀಸ್ ದುವಾರ್ತೆ ಬಾರ್ಬೋಸ, ಮಲಬಾರ್ ದೇಶ ಶುರುವಾಗುವುದು ಕುಂಬಳೆಯಿಂದ ಎಂದ. ಕುಂಬಳೆಯಿಂದ ಕಪ್ಪು ಅಕ್ಕಿ ಮಾಲ್ದೀವ್ಸ್ ದ್ವೀಪಗಳಿಗೆ ಹೋಗುತ್ತಿತ್ತು, ಅಲ್ಲಿಂದ ತೆಂಗಿನ ನಾರಿನ ಹಗ್ಗ ಬರುತ್ತಿತ್ತು ಎಂಬುದನ್ನೂ ಅವನೇ ಬರೆದಿದ್ದಾನೆ. ಅಕ್ಕಿ ಅಷ್ಟೇನೂ ಒಳ್ಳೆಯದಲ್ಲ ಎಂಬ ಟೀಕೆಯೂ ಇದೆ! ಇಂದು ಕುಂಬಳೆಯ ಸೇತುವೆಯ ಮೇಲೆ ನಿಂತು ನೋಡುವವರಿಗೆ ಇದೊಂದು ದೇಶಾಂತರ ವ್ಯಾಪಾರದ ಬಂದರಾಗಿತ್ತು ಎಂದು ನಂಬುವುದು ಕಷ್ಟ.

ಮುಂದೆ ಟಿಪ್ಪು ಸುಲ್ತಾನ್ 1799ರಲ್ಲಿ ಮಡಿದ ಮೇಲೆ ಈ ಭಾಗ ಈಸ್ಟ್ ಇಂಡಿಯಾ ಕಂಪೆನಿಯ ಕೈಗೆ ಬಂತು. ಹೊಸದಾಗಿ ಸಿಕ್ಕಿದ ಆಸ್ತಿಯಲ್ಲಿ ಏನೇನಿದೆ ಎಂದು ನೋಡಿ ಬರಲು ಕಂಪೆನಿಯವರು ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯರನ್ನು ಕಳುಹಿಸಿದರು. ಆತ ಮಲಬಾರ್ ಮುಗಿಸಿಕೊಂಡು 1801ರ ಆರಂಭದಲ್ಲಿ ತೆಂಕಣದಿಂದ ಹೊಸದುರ್ಗ, ಬೇಕಲ, ಚಂದ್ರಗಿರಿ, ಕುಂಬಳೆ, ಮಂಜೇಶ್ವರ ದಾರಿಯಾಗಿ ಮಂಗಳೂರಿಗೆ ಹೋದ. ಆತನ ಗೆರೆ ಚಂದ್ರಗಿರಿ ಹೊಳೆ. ಹೊಳೆಯ ತೆಂಕಣಕ್ಕೆ ಮಲಯಾಳ, ಬಡಗಣಕ್ಕೆ ತುಳುವ. ಇದು ಆತ ಕಲ್ಪಿಸಿದ್ದಲ್ಲ, ಊರವರು ಹೇಳಿದ್ದು. ಈಗಲೂ ಹಿರಿಯರು ‘ಹೊಳೆಯಾಚೆ’ ಎಂದರೆ ಚಂದ್ರಗಿರಿಯ ಆಚೆ ಎಂದೇ ಅರ್ಥ.

ಮೂರನೆಯ ಗೆರೆ ರಾಜ್ಯ ಪುನರ್ವಿಂಗಡಣಾ ಆಯೋಗದ್ದು. ಫಜಲ್ ಅಲಿಯವರ ನೇತೃತ್ವದ ಆ ಆಯೋಗ 1955ರಲ್ಲಿ ಇಡೀ ಕಾಸರಗೋಡು ತಾಲೂಕು ಕೇರಳಕ್ಕೆ ಹೋಗಲಿ ಎಂದಿತು. 1956ರ ನವೆಂಬರ್ 1ರಂದು ಹಾಗೆಯೇ ಆಯಿತು. ಗೆರೆ ಒಮ್ಮೆಲೇ ಬಡಗಣಕ್ಕೆ ಹಾರಿ ತಲಪಾಡಿಯಲ್ಲಿ ಬಿತ್ತು. ನಾಲ್ಕನೆಯದು ಮಹಾಜನ ಆಯೋಗದ್ದು. 1967ರ ಆ ವರದಿ ಪುನಃ ಬುಕಾನನ್ನನ ಗೆರೆಗೇ ಬಂತು: ಚಂದ್ರಗಿರಿ, ಪಯಸ್ವಿನಿ ಹೊಳೆಗಳ ಬಡಗಣ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕು. ವರದಿ ವರದಿಯಾಗಿಯೇ ಉಳಿಯಿತು. 1984ರ ಮೇ 24ರಂದು ಕಣ್ಣೂರಿನಿಂದ ಬೇರ್ಪಟ್ಟು ಕಾಸರಗೋಡು ಪ್ರತ್ಯೇಕ ಜಿಲ್ಲೆಯಾಯಿತು.

ಗೆರೆಗಳ ಕಥೆ ಇಷ್ಟು. ಜನರು ಮಾತ್ರ ಯಾವ ಗೆರೆಯ ಒಳಗೂ ಸರಿಯಾಗಿ ಕುಳಿತುಕೊಂಡವರಲ್ಲ. ಹೊಳೆಯಾಚೆಗೆ ಕನ್ನಡ ಇಲ್ಲ ಎಂದುಕೊಂಡು ಹೋದರೆ ಬೇಕಲ, ಹೊಸದುರ್ಗಗಳಲ್ಲಿ ಮನೆಯೊಳಗೆ ಕನ್ನಡ ಮಾತನಾಡುವ ರಾಮಕ್ಷತ್ರಿಯರು ಸಿಗುತ್ತಾರೆ. ಕೆಳದಿ ನಾಯಕರು ಇಲ್ಲಿ ಸಾಲು ಕೋಟೆಗಳನ್ನು ಕಟ್ಟಿಸಿದಾಗ ಕಾವಲಿಗೆ ಬಂದವರ ವಂಶ ಅದು. ಬೇಕಲ ಕೋಟೆ, ಚಂದ್ರಗಿರಿ ಕೋಟೆ ಎರಡನ್ನೂ ಹದಿನೇಳನೆಯ ಶತಮಾನದ ಶಿವಪ್ಪ ನಾಯಕನ ಹೆಸರಿಗೆ ಹೇಳುತ್ತಾರೆ. ಹೊಸದುರ್ಗದ ಕೋಟೆ ಅದರ ನಂತರದ್ದು. ನಾಯಕರು ಹೋದರು, ಸುಲ್ತಾನರು ಹೋದರು, ಕಂಪೆನಿ ಹೋಯಿತು, ಕೋಟೆಯವರ ಮನೆಯ ಕನ್ನಡ ಉಳಿಯಿತು. ಬೇಕಲಕ್ಕೆ ಬರುವವರಲ್ಲಿ ಹೆಚ್ಚಿನವರು ಮಣಿರತ್ನಂ ಅವರ ‘ಬಾಂಬೆ’ ಚಿತ್ರದ ಹಾಡಿನ ಜಾಗ ಹುಡುಕಿ ಫೋಟೋ ತೆಗೆದು ಹಿಂದಿರುಗುತ್ತಾರೆ. ಕೋಟೆಯ ಹೊರಗೆ ಆ ಮನೆಗಳಿವೆ ಎಂಬುದು ಅವರಿಗೆ ಗೊತ್ತಾಗುವುದಿಲ್ಲ.

ಹೊಸದುರ್ಗದ್ದೇ ಇನ್ನೊಂದು ಮಾತು. ಮಲಯಾಳದಲ್ಲಿ ಆ ಜಾಗಕ್ಕೆ ‘ಪುದಿಯಕೋಟ’ ಎಂದು ಹೆಸರು. ಅದರ ಅರ್ಥವೂ ಹೊಸ ಕೋಟೆಯೇ. ಎರಡು ಭಾಷೆಯವರು ಒಂದೇ ಕೋಟೆಯನ್ನು ನೋಡಿ ತಮ್ಮ ತಮ್ಮ ಮಾತಿನಲ್ಲಿ ಒಂದೇ ಹೆಸರಿಟ್ಟರು. 2021ರ ಜೂನ್‌ನಲ್ಲಿ ಇಲ್ಲಿನ ಊರುಗಳ ಕನ್ನಡ ಹೆಸರುಗಳನ್ನು ಬದಲಿಸಲಾಗುತ್ತಿದೆ ಎಂಬ ಸುದ್ದಿ ಹರಡಿ ದೊಡ್ಡ ಗದ್ದಲವಾಯಿತು. ಅಂಥ ತೀರ್ಮಾನವೇ ಇಲ್ಲ ಎಂದು ಕೇರಳ ಸರಕಾರ ಹೇಳಿತು. ಆದರೆ ಫಲಕ ಬರೆಯುವವನಿಗೆ ಸರಕಾರದ ಆದೇಶ ಬೇಕಾಗಿಲ್ಲವಲ್ಲ? ಬೇದಡ್ಕ ಬೇಡಕಂ ಆಗುವುದು, ನೆಲ್ಲಿಕುಂಜ ನೆಲ್ಲಿಕ್ಕುನ್ನ್ ಆಗುವುದು ಬಾಯಿಯ ಅಭ್ಯಾಸದಿಂದ. ಬಾಯಲ್ಲಿ ಎರಡು ಹೆಸರಿದ್ದರೆ ತೊಂದರೆಯಿಲ್ಲ. ಕಾಗದದಲ್ಲಿ ಒಂದೇ ಉಳಿದಾಗ ತೊಂದರೆ.

ಇನ್ನು ಏಳು ಭಾಷೆಗಳ ವಿಷಯ. ‘ಸಪ್ತಭಾಷಾ ಸಂಗಮ ಭೂಮಿ’ ಎಂದು ಎಲ್ಲ ಸ್ವಾಗತ ಭಾಷಣಗಳಲ್ಲಿ ಕೇಳುತ್ತೀರಿ. ಕನ್ನಡ, ಮಲಯಾಳ, ತುಳು, ಕೊಂಕಣಿ, ಮರಾಠಿ, ಬ್ಯಾರಿ, ಉರ್ದು ಎಂದು ಸಾಮಾನ್ಯವಾಗಿ ಲೆಕ್ಕ ಹಾಕುತ್ತಾರೆ. ಇದು ಸ್ವಲ್ಪ ಜಿಪುಣ ಲೆಕ್ಕ. ಕೊರಗರು ತಮ್ಮೊಳಗೆ ಮಾತನಾಡುವ ಕೊರಗ ಭಾಷೆ ಇದರಲ್ಲಿ ಇಲ್ಲ. ಕರಾಡ ಬ್ರಾಹ್ಮಣರ ಕರಾಡಿ ಮಾತು, ಪಾಣತ್ತೂರು ಬಂದಡ್ಕದ ಕಡೆಯ ಗೌಡರ ಅರೆಭಾಷೆ, ಹವ್ಯಕರ ಕನ್ನಡ ಇವೂ ಇಲ್ಲ. ಹವ್ಯಕ ಮನೆಯ ಮಗು ‘ನಾನು’ ಎನ್ನುವುದಿಲ್ಲ, ‘ಆನು’ ಎನ್ನುತ್ತದೆ. ಹಳಗನ್ನಡ ಪಾಠದಲ್ಲಿ ‘ಆನ್’ ಬಂದಾಗ ಬೇರೆ ಮಕ್ಕಳೆಲ್ಲ ಕಣ್ಣು ಬಿಡುತ್ತಿದ್ದರೆ ಆ ಮಗು ಮಾತ್ರ "ಇದು ನಮ್ಮ ಅಜ್ಜಿ ಹೇಳುವುದು" ಎನ್ನುವುದನ್ನು ನಾವು ಪ್ರತಿವರ್ಷ ಎಂಬಂತೆ ಕೇಳುತ್ತೇವೆ.

ತಲಪಾಡಿಯಿಂದ ತೆಂಕಣಕ್ಕೆ ಬಸ್ಸಿನಲ್ಲಿ ಕುಳಿತು ಕಿವಿಗೊಟ್ಟರೆ ಸಾಕು. ಮಂಜೇಶ್ವರದಲ್ಲಿ ಅನಂತೇಶ್ವರ ದೇವಸ್ಥಾನದ ಸುತ್ತ ಗೌಡ ಸಾರಸ್ವತರ ಕೊಂಕಣಿ. ಅಲ್ಲೇ ಹತ್ತಿರ ಬಂಗ್ರ ಮಂಜೇಶ್ವರದಲ್ಲಿ ಹಳೆಯ ಜೈನ ಬಸದಿಗಳು. ಉಪ್ಪಳದಲ್ಲಿ ಹನಫಿ ಮುಸ್ಲಿಮರ ಉರ್ದು, ಮೀನು ಮಾರ್ಕೆಟಿನಲ್ಲಿ ಬ್ಯಾರಿ ಮತ್ತು ತುಳು. ಬೇಳದ ಶೋಕಮಾತೆಯ ಇಗರ್ಜಿಗೆ ಹೋದರೆ ಕ್ರೈಸ್ತರ ಕೊಂಕಣಿ. ಅದು ಗೌಡ ಸಾರಸ್ವತರ ಕೊಂಕಣಿಯಂತಲ್ಲ, ಬೇರೆಯೇ ರಾಗ. ರಾಜ್ಯ ಬದಲಾದರೂ ಈ ಇಗರ್ಜಿಗಳು ಇಂದಿಗೂ ಮಂಗಳೂರು ಧರ್ಮಪ್ರಾಂತ್ಯಕ್ಕೇ ಸೇರಿವೆ ಎಂಬುದನ್ನು ಗಮನಿಸಬೇಕು. ಗುಡ್ಡ ಹತ್ತಿ ರಾಜಪುರಂ ಕಡೆಗೆ ಹೋದರೆ 1943ರಲ್ಲಿ ಕೋಟ್ಟಯಂ ಕಡೆಯಿಂದ ಬಂದು ಕಾಡು ಕಡಿದು ನೆಲೆಸಿದ ಕ್ನಾನಾಯ ಕ್ರೈಸ್ತರಿದ್ದಾರೆ. ಅವರು ಬಂದಾಗ ಇದು ಕೇರಳವಾಗಿರಲಿಲ್ಲ, ಮದ್ರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಾಗಿತ್ತು.

ತುಳುವಿನ ಬಗ್ಗೆ ಒಂದು ಮಾತು ಹೇಳಲೇಬೇಕು. ತುಳುವನ್ನು ಈಗ ನಾವೆಲ್ಲ ಕನ್ನಡ ಅಕ್ಷರದಲ್ಲಿ ಬರೆಯುತ್ತೇವೆ. ಹಾಗಾಗಿ ತುಳು ಇರುವಲ್ಲಿ ಕನ್ನಡವೂ ಇದ್ದೇ ಇರುತ್ತದೆ ಎಂದು ನಂಬಿಕೊಂಡಿದ್ದೇವೆ. ಆದರೆ ತುಳುವಿನ ಹಳೆಯ ಲಿಪಿಯನ್ನು ತೋರಿಸಿದರೆ ಅದನ್ನು ತಡವರಿಸುತ್ತಾದರೂ ಓದುವುದು ಮಲಯಾಳ ಕಲಿತ ಮಗುವೇ ಹೊರತು ಕನ್ನಡ ಕಲಿತ ಮಗುವಲ್ಲ. ಎರಡೂ ಗ್ರಂಥ ಲಿಪಿಯ ಮನೆತನದವು. ಈ ಲಿಪಿಯ ತಾಳೆಗರಿಗಳನ್ನು ಹುಡುಕಿ ‘ಶ್ರೀ ಭಾಗವತೊ’, ‘ಕಾವೇರಿ’ ಮುಂತಾದ ಹಳೆಯ ತುಳು ಕಾವ್ಯಗಳನ್ನು ಬೆಳಕಿಗೆ ತಂದವರು ನಮ್ಮದೇ ಜಿಲ್ಲೆಯ ಪುಂಡೂರಿನ ವೆಂಕಟರಾಜ ಪುಣಿಂಚತ್ತಾಯರು. ಭಾಷೆಯೊಂದು ಈ ಕಡೆಯದು, ಲಿಪಿ ಆ ಕಡೆಯದು. ಗೆರೆ ಎಳೆಯುವವರಿಗೆ ಇದು ದೊಡ್ಡ ತಲೆನೋವು.

ಈಗ ನಮ್ಮ ತರಗತಿಗೆ ಬನ್ನಿ. ನಮ್ಮದು ಕನ್ನಡ ಮಾಧ್ಯಮ. ಹೊಸ ಮಕ್ಕಳು ಬಂದಾಗ ಮನೆಯಲ್ಲಿ ಯಾವ ಮಾತು ಎಂದು ಕೇಳಿ ಕೈ ಎತ್ತಿಸುವುದು ನಮ್ಮ ರೂಢಿ. ಒಂದು ವರ್ಷ ಇಪ್ಪತ್ತೊಂದು ಮಕ್ಕಳಲ್ಲಿ ತುಳುವಿಗೆ ಹನ್ನೊಂದು ಕೈ ಎದ್ದವು. ಬ್ಯಾರಿ ಮತ್ತು ಮಲಯಾಳಕ್ಕೆ ಐದು, ಮರಾಠಿಗೆ ಎರಡು, ಕೊಂಕಣಿಗೆ ಒಂದು. ಕನ್ನಡಕ್ಕೆ ಎದ್ದದ್ದು ಎರಡೇ ಕೈ, ಅವೆರಡೂ ಹವ್ಯಕ ಮನೆಯವು. ಒಂದನೆಯ ತರಗತಿಯ ಹುಡುಗನೊಬ್ಬನಿಗೆ "ಮನೆ ಎಲ್ಲಿ?" ಎಂದು ಕೇಳಿದಾಗ ಆತ "ಇಲ್ಲ್ ಅಲ್ಪ" ಎಂದ. ಮನೆ ಅಲ್ಲಿ ಎಂದು ಅವನು ತುಳುವಿನಲ್ಲಿ ಹೇಳಿದ್ದು. ಘಟ್ಟದ ಮೇಲಿನಿಂದ ಬಂದಿದ್ದ ಅತಿಥಿಗಳು ಅದನ್ನು ಕೇಳಿ, "ಅಯ್ಯೋ ಪಾಪ, ಮನೆ ಇಲ್ಲವಂತೆ" ಎಂದು ನೊಂದುಕೊಂಡರು.

ಇಲ್ಲಿನ ಕನ್ನಡದ ಗುಟ್ಟು ಇರುವುದು ಇಲ್ಲೇ. 2011ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ 13,07,375. ಮಾತೃಭಾಷೆ ಮಲಯಾಳ ಎಂದವರು ಶೇ. 82ರಷ್ಟು, ತುಳು ಎಂದವರು ಶೇ. 9ರ ಹತ್ತಿರ, ಕನ್ನಡ ಎಂದವರು ಶೇ. 4 ಚಿಲ್ಲರೆ. ಲೆಕ್ಕ ಸುಳ್ಳಲ್ಲ. ಆದರೆ ಕೇಳಿದ ಪ್ರಶ್ನೆ ಬೇರೆ. ಕಾಸರಗೋಡಿನಲ್ಲಿ ಕನ್ನಡ ಅಡುಗೆಮನೆಯ ಭಾಷೆಯಾಗಿದ್ದದ್ದು ಕೆಲವರಿಗೆ ಮಾತ್ರ. ಉಳಿದವರಿಗೆ ಅದು ಅಕ್ಷರದ ಭಾಷೆ. ಮದುವೆಯ ಕಾಗದ, ಜಾಗದ ಪತ್ರ, ಜಾತ್ರೆಯ ಕರಪತ್ರ, ಯಕ್ಷಗಾನದ ಅರ್ಥಗಾರಿಕೆ, ಮಗ ಮುಂಬಯಿಯಿಂದ ತಾಯಿಗೆ ಬರೆಯುವ ಪತ್ರ, ಇವೆಲ್ಲ ಕನ್ನಡ. ತಾಯಿ ಮಗ ಎದುರುಬದುರು ಕುಳಿತರೆ ತುಳು ಅಥವಾ ಕೊಂಕಣಿ. ನೀವು ಯಾವ ಭಾಷೆಯವರು ಎಂದು ಇಲ್ಲಿಯವರನ್ನು ಕೇಳಬೇಡಿ. ಮನೆಯಲ್ಲಿ ಯಾವುದು, ಬರೆಯುವುದು ಯಾವುದು, ಪೇಟೆಗೆ ಯಾವುದು ಎಂದು ಮೂರು ಪ್ರಶ್ನೆ ಕೇಳಿ.

ನಮ್ಮ ದೊಡ್ಡವರನ್ನೇ ನೋಡಿ. ಮಂಜೇಶ್ವರದ ಗೋವಿಂದ ಪೈಗಳು (1883-1963) ಕೊಂಕಣಿ ಮನೆಯವರು. 1949ರಲ್ಲಿ ಆಗಿನ ಮದ್ರಾಸ್ ಸರಕಾರ ಅವರನ್ನು ರಾಷ್ಟ್ರಕವಿ ಎಂದು ಗೌರವಿಸಿತು. ಅವರ ಮನೆ ಈಗ ‘ಗಿಳಿವಿಂಡು’ ಎಂಬ ಹೆಸರಿನ ಸ್ಮಾರಕ. ಬದಿಯಡ್ಕದ ಹತ್ತಿರದ ಕಯ್ಯಾರ ಕಿಞ್ಞಣ್ಣ ರೈಗಳು (1915-2015) ತುಳು ಮನೆಯವರು, ನಮ್ಮ ಹಾಗೆ ಮಾಷ್ಟ್ರು, ನೂರು ವರ್ಷ ಬಾಳಿದರು. ಸಾರಾ ಅಬೂಬಕ್ಕರ್ (1936-2023) ಕಾಸರಗೋಡಿನ ಮಲಯಾಳ ಮಾತನಾಡುವ ಮುಸ್ಲಿಂ ಮನೆಯಲ್ಲಿ ಹುಟ್ಟಿ, ಇಲ್ಲಿಯ ಕನ್ನಡ ಶಾಲೆಯಲ್ಲಿ ಓದಿ, ‘ಚಂದ್ರಗಿರಿಯ ತೀರದಲ್ಲಿ’ ಬರೆದರು. ಹೆಸರಿನಲ್ಲಿಯೇ ನಮ್ಮ ಹೊಳೆಯಿದೆ. ಕೊಂಕಣಿ, ತುಳು, ಮಲಯಾಳ ಮನೆಗಳಿಂದ ಮೂವರು ಬಂದು ಒಂದೇ ಕನ್ನಡದಲ್ಲಿ ಬರೆದರು. ಜನಗಣತಿಯವರು ಹೋಗಿ ಮಾತೃಭಾಷೆ ಕೇಳಿದ್ದರೆ ಈ ಮೂವರಲ್ಲಿ ಒಬ್ಬರೂ ಕನ್ನಡದ ಲೆಕ್ಕಕ್ಕೆ ಬರುತ್ತಿರಲಿಲ್ಲ!

ಇಂಥ ಏರ್ಪಾಡು ಇಲ್ಲಿ ಮಾತ್ರ ಇರುವುದಲ್ಲ. ಇಂಡೋನೇಷ್ಯವನ್ನು ನೋಡಿ. ಅಲ್ಲಿ ಏಳಲ್ಲ, ಏಳುನೂರಕ್ಕೂ ಹೆಚ್ಚು ಭಾಷೆಗಳಿವೆ. ಅತಿ ಹೆಚ್ಚು ಜನರ ಮನೆಮಾತು ಜಾವಾ ಭಾಷೆ. ಡಚ್ಚರ ಆಳ್ವಿಕೆಯಲ್ಲಿದ್ದಾಗ, 1928ರ ಅಕ್ಟೋಬರ್ 28ರಂದು ಅಲ್ಲಿನ ತರುಣರು ಸೇರಿ ಪ್ರತಿಜ್ಞೆ ಮಾಡಿದಾಗ ದೇಶವನ್ನು ಒಂದಾಗಿಸುವ ಭಾಷೆಯಾಗಿ ಆರಿಸಿಕೊಂಡದ್ದು ಜಾವಾ ಭಾಷೆಯನ್ನಲ್ಲ, ಬಂದರುಗಳಲ್ಲಿ ವ್ಯಾಪಾರಿಗಳು ಬಳಸುತ್ತಿದ್ದ ಮಲಯ ಭಾಷೆಯನ್ನು. ಮನೆಮಾತಾಗಿ ಅದು ಸ್ವಲ್ಪವೇ ಜನರದ್ದು. 1945ರ ಸಂವಿಧಾನ ಅದನ್ನು ದೇಶಭಾಷೆ ಎಂದಿತು, ಶಾಲೆಗಳು ಕಲಿಸಿದವು. ಇಂದು ಮನೆಯಲ್ಲಿ ಜಾವಾ, ಸುಂಡಾ, ಬಾಲಿ ಭಾಷೆ ಮಾತನಾಡುವ ಮಗು ಶಾಲೆಯಲ್ಲಿ ಇಂಡೋನೇಷ್ಯನ್ ಓದುತ್ತದೆ. ಅವರು ಅದನ್ನು ‘ಬಹಾಸ’ ಎನ್ನುತ್ತಾರೆ, ಅದು ನಮ್ಮ ಭಾಷೆ ಎಂಬ ಶಬ್ದವೇ. ಮಾಷ್ಟ್ರಿಗೆ ‘ಗುರು’. ಏಳನೆಯ ತರಗತಿಗೆ ಇದನ್ನು ಹೇಳಿದಾಗ ಮಕ್ಕಳು ಬಹಳ ಖುಷಿಪಟ್ಟರು. ಮನೆಮಾತಲ್ಲದ ಭಾಷೆಯೂ ಶಾಲೆಯ ಬಲದಿಂದ ಜನರದ್ದಾಗುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಡ. ತಿರುಗಿಸಿ ನೋಡಿದರೆ ನಮಗೆ ಹೆದರಿಕೆಯಾಗುತ್ತದೆ. ಶಾಲೆಯಿಂದ ಬದುಕುವ ಭಾಷೆ ಶಾಲೆ ಮುಚ್ಚಿದರೆ ಎಲ್ಲಿಗೆ ಹೋಗಬೇಕು? ತುಳುವಿಗೆ ಮನೆಯಿದೆ, ಮಲಯಾಳಕ್ಕೆ ಮನೆಯೂ ಸರಕಾರವೂ ಇದೆ. ಇಲ್ಲಿಯ ಕನ್ನಡಕ್ಕೆ ಇರುವುದು ಶಾಲೆಯ ಮಾಡು ಒಂದೇ.

ನ್ಯಾಯವಾಗಿ ಮಾತನಾಡುವುದಾದರೆ ಇನ್ನೊಂದು ಬದಿಯನ್ನೂ ಹೇಳಬೇಕು. ನಮ್ಮ ಕನ್ನಡದ ಸಭೆಗಳಲ್ಲಿ ಇದನ್ನು ಹೇಳುವವರು ಕಡಿಮೆ. 1956ಕ್ಕೆ ಮೊದಲು ಮಂಗಳೂರಿನ ಕಲೆಕ್ಟರ ಆಡಳಿತ ತೆಂಕಣದಲ್ಲಿ ತ್ರಿಕರಿಪುರದವರೆಗೂ ಇತ್ತು. ಕಚೇರಿಯ ಕಾಗದ, ಶಾಲೆಯ ಪಾಠ ಎಲ್ಲ ಕನ್ನಡ. ಮನೆಯಲ್ಲಿ ಮಲಯಾಳ ಮಾತನಾಡುವ ಮಕ್ಕಳೂ ಕನ್ನಡದಲ್ಲೇ ಅಕ್ಷರ ಕಲಿಯಬೇಕಿತ್ತು. ತಳಂಗೆರೆಯ ಟಿ. ಉಬೈದ್ (1908-1972) ಹಾಗೆ ಕನ್ನಡದಲ್ಲಿ ಓದಿದವರು. ಮಾಪ್ಪಿಳಪ್ಪಾಟ್ಟಿನ ಕವಿಯೂ ವಿದ್ವಾಂಸರೂ ಆಗಿದ್ದ ಅವರು ತಮ್ಮ ಜನರ ಮಕ್ಕಳಿಗೆ ಮಲಯಾಳ ಶಾಲೆ ಬೇಕೆಂದು ಹೋರಾಡಿದರು. ರಾಜ್ಯಗಳು ವಿಂಗಡಣೆಯಾಗುವ ಕಾಲದಲ್ಲಿ ಅವರು ಕನ್ನಡ ತಾಯಿಯನ್ನು ಬೀಳ್ಕೊಂಡು ಕೇರಳದ ತಾಯಿಯ ಕಡೆಗೆ ಹೊರಡುವ ಕವಿತೆ ಬರೆದರು. ಅದೇ ಘಟನೆಯ ಬಗ್ಗೆ ಕಯ್ಯಾರರು ಬರೆದದ್ದು ಮನೆಗೇ ಬೆಂಕಿ ಬಿತ್ತು ಎಂಬ ಕವಿತೆ. ಒಂದೇ ತಾಲೂಕು, ಒಂದೇ ಘಟನೆ, ಇಬ್ಬರು ಕವಿಗಳು. ಉಬೈದರು ಕನ್ನಡವನ್ನು ಬಯ್ಯಲಿಲ್ಲ, ತಾಯಿ ಎಂದೇ ಕರೆದು ಅಪ್ಪಣೆ ಕೇಳಿದರು. ನಮ್ಮ ಮಕ್ಕಳಿಗೆ ಕಯ್ಯಾರರ ಕವಿತೆ ಕಲಿಸುವಾಗ ಉಬೈದರ ಕವಿತೆಯ ಸಂಗತಿಯನ್ನೂ ನಾವು ಹೇಳುತ್ತೇವೆ. ಆ ದಿನ ಅವರು ಕೇಳಿದ್ದೂ ಈ ದಿನ ನಾವು ಕೇಳುತ್ತಿರುವುದೂ ಒಂದೇ: ಮಗುವಿಗೆ ಗೊತ್ತಿರುವ ಅಕ್ಷರದಲ್ಲಿ ಪಾಠ.

ಇಷ್ಟು ಓದಿದವರು ಇನ್ನು ನೋಡುವುದಕ್ಕೇನಿದೆ ಎಂದು ಕೇಳಬಹುದು. ಕ್ಯಾಲೆಂಡರ್ ನೋಡಿಕೊಂಡು ಬನ್ನಿ. ತುಳುವರ ಬೇಶ ತಿಂಗಳ ಹತ್ತಕ್ಕೆ, ಅಂದರೆ ಮೇ ತಿಂಗಳ ಕೊನೆಯ ವಾರಕ್ಕೆ, ಪತ್ತನಾಜೆ. ಅಂದಿಗೆ ಕೋಲ, ನೇಮ, ಯಕ್ಷಗಾನದ ತಿರುಗಾಟ ಮುಗಿಯಿತು. ಹೊಳೆಯಾಚೆ ತೈಯ್ಯಂ ಕಾಲ ತೆರೆಯುವುದು ತುಲಾಂ ತಿಂಗಳ ಹತ್ತಕ್ಕೆ, ಅಕ್ಟೋಬರ್ ಕೊನೆಗೆ. ಅಲ್ಲಿ ಅದು ಪತ್ತಾಮುದಯ. ಮುಚ್ಚುವುದೂ ಹತ್ತರಂದು, ತೆರೆಯುವುದೂ ಹತ್ತರಂದು. ನಡುವೆ ಜಡಿಮಳೆಯ ಆಟಿ ತಿಂಗಳಲ್ಲಿ ತುಳು ಮನೆಗಳಿಗೆ ಆಟಿ ಕಳಂಜ ಬರುತ್ತಾನೆ. ಅದೇ ಕರ್ಕಟಕ ತಿಂಗಳಲ್ಲಿ ತೆಂಕಣದ ಮನೆಗಳಿಗೆ ಆಡಿ, ವೇಡನ್, ಗಳಿಂಜನ್ ಬರುತ್ತಾರೆ. ಕಳಂಜ, ಗಳಿಂಜ ಎಂಬ ಹೆಸರುಗಳನ್ನು ನೀವೇ ಒಟ್ಟಿಗೆ ಉಚ್ಚರಿಸಿ ನೋಡಿ.

ಬಲಿ ಚಕ್ರವರ್ತಿಯ ವಿಷಯ ಇನ್ನೂ ಸ್ವಾರಸ್ಯದ್ದು. ಕೇರಳದಲ್ಲಿ ಬಲಿ ಬರುವುದು ಓಣಂಗೆ. ತುಳುನಾಡಿನಲ್ಲಿ ದೀಪಾವಳಿಗೆ, ಬಲೀಂದ್ರನಾಗಿ. ಕಾಸರಗೋಡಿನ ಮಲಯಾಳಿಗಳು ಓಣಂ ಆಚರಿಸಿದ ಮೇಲೆ ದೀಪಾವಳಿಗೂ ‘ಪೊಲಿಯಂದ್ರಂ’ ಎಂದು ಮರದ ಕೊಂಬೆ ನೆಟ್ಟು ದೀಪವಿಟ್ಟು ಅವನನ್ನು ಕರೆಯುತ್ತಾರೆ. ವರ್ಷಕ್ಕೆ ಒಮ್ಮೆ ಮಾತ್ರ ಬರಲು ಅಪ್ಪಣೆಯಿದ್ದ ಅರಸ ನಮ್ಮ ಜಿಲ್ಲೆಗೆ ಎರಡು ಸಲ ಬಂದು ಹೋಗುತ್ತಾನೆ!

ದೈವಗಳೂ ಗಡಿ ನೋಡಿದವಲ್ಲ. ನೀಲೇಶ್ವರದ ಪಾಲಂತಾಯಿ ಕಣ್ಣನ್ ಎಂಬ ಬಡ ಹುಡುಗ ಅಲ್ಲಿಯ ಕುರುಪ್ಪಿನ ಸಿಟ್ಟಿಗೆ ಹೆದರಿ ಮಂಗಳೂರಿಗೆ ಓಡಿದ, ಅಲ್ಲಿ ಒಂದು ಮನೆಯಲ್ಲಿ ಚಾಕರಿ ಮಾಡುತ್ತ ವಿಷ್ಣುಮೂರ್ತಿಯ ಭಕ್ತನಾದ, ವರ್ಷಗಳ ನಂತರ ಊರಿಗೆ ಮರಳಿದಾಗ ಕೆರೆಯಲ್ಲಿ ಮೀಯುತ್ತಿದ್ದವನನ್ನು ಕುರುಪ್ಪು ಕಡಿದು ಕೊಂದ ಎಂಬ ಕಥೆ ಇದೆ. ಆ ಮೇಲೆ ದೈವದ ಕೋಪ, ಕೋಟ್ಟಪ್ಪುರದಲ್ಲಿ ಪ್ರತಿಷ್ಠೆ. ಉತ್ತರ ಮಲಬಾರಿನಾದ್ಯಂತ ಕಟ್ಟುವ ವಿಷ್ಣುಮೂರ್ತಿ ತೈಯ್ಯಂ ತುಳು ನೆಲದಿಂದ ಹೊಳೆ ದಾಟಿ ಹೋದದ್ದು. ಕುಂಬಳೆಯ ಹತ್ತಿರ ಆರಿಕ್ಕಾಡಿಯ ಪಾರೆ ಭಗವತಿ ಆಲಿ ಚಾಮುಂಡಿ ಕ್ಷೇತ್ರದಲ್ಲಿ ಆಲಿ ಎಂಬ ಮುಸ್ಲಿಂ ಮಂತ್ರವಾದಿಯೇ ತೀಯರು ನಂಬುವ ದೈವ. ಉದ್ಯಾವರದ ಮಾಡ ಅರಸು ಮಂಜಿಷ್ಣಾರ್ ಕ್ಷೇತ್ರದಿಂದ ವಿಷುವಿನ ನಂತರ ಶುಕ್ರವಾರ ದೈವದ ಪಾತ್ರಿಗಳು ಸಾವಿರ ಜಮಾಅತ್ ಮಸೀದಿಗೆ ಹೋಗಿ ಜಾತ್ರೆಗೆ ಕರೆಯುತ್ತಾರೆ. ನಾವು ಅಲ್ಲಿ ನಿಂತು ನೋಡಿದ್ದೇವೆ. ಮಸೀದಿಯ ಹಿರಿಯರು ಎದುರುಗೊಳ್ಳುವುದು, ಮಾತನಾಡುವುದು ಎಲ್ಲ ಬಹಳ ಸಾಮಾನ್ಯವಾಗಿ, ನೆರೆಮನೆಗೆ ಹೋಗಿ ಬಂದ ಹಾಗೆ ನಡೆಯುತ್ತದೆ.

ಯಕ್ಷಗಾನ ಹೇಳದೆ ಬಿಟ್ಟರೆ ನಮ್ಮವರು ಸುಮ್ಮನಿರಲಿಕ್ಕಿಲ್ಲ. ತೆಂಕುತಿಟ್ಟಿನ ರಾಮಾಯಣ ಪ್ರಸಂಗಗಳ ಪಾರ್ತಿಸುಬ್ಬ ಕುಂಬಳೆಯವನು ಎಂಬುದು ನಮ್ಮ ಹೆಮ್ಮೆ. ಅವನ ಕಾಲದ ಬಗ್ಗೆ ವಿದ್ವಾಂಸರ ಜಗಳ ಮುಗಿದಿಲ್ಲ, ಅದು ಇಲ್ಲಿ ಬೇಡ. ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳು (ನಿಧನ 2020) ದೇಶಕ್ಕೆ ಗೊತ್ತಿರುವುದು 1973ರ ಸುಪ್ರೀಂ ಕೋರ್ಟು ತೀರ್ಪಿನಿಂದ. ಕೇರಳದ ಭೂಸುಧಾರಣೆಯಿಂದ ಹೋದ ಮಠದ ಜಾಗಕ್ಕಾಗಿ ಹಾಕಿದ ಖಟ್ಲೆ ಸಂವಿಧಾನದ ಮೂಲ ಸ್ವರೂಪದ ತತ್ವವನ್ನು ಕೊಟ್ಟಿತು. ಇಲ್ಲಿಯವರಿಗೆ ಅವರು ಸ್ವತಃ ಹಾಡುತ್ತಿದ್ದ, ಆಟವನ್ನು ಬೆಳೆಸಿದ ಸ್ವಾಮಿಗಳು.

ಒಂದೆರಡು ವಿನಂತಿ. 2022ರಲ್ಲಿ ‘ಕಾಂತಾರ’ ಬಂದ ಮೇಲೆ ಕೋಲ ನೋಡಲು ಬರುವವರು ಹೆಚ್ಚಾಗಿದ್ದಾರೆ. ಬನ್ನಿ. ಆದರೆ ದೈವದ ಕೂಗನ್ನು ಅಣಕಿಸಬೇಡಿ, ಕೇಳದೆ ಮೊಬೈಲ್ ಹಿಡಿಯಬೇಡಿ. 2018ರ ‘ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು’ ಚಿತ್ರ ನೋಡಿ ಆ ಶಾಲೆ ಎಲ್ಲಿದೆ ಎಂದು ಕೇಳಿಕೊಂಡು ಬರುವವರೂ ಇದ್ದಾರೆ. ಅದರ ಚಿತ್ರೀಕರಣವಾದದ್ದು ಗಡಿಯಾಚೆ ಕೈರಂಗಳದಲ್ಲಿ. ಅಂಥ ಶಾಲೆ ಬೇಕಾದರೆ ಇಲ್ಲಿ ಹಲವು ಇವೆ, ನಾಯಕ ನಟರು ಮಾತ್ರ ಇಲ್ಲ.

ಗಡಿಯ ಎರಡೂ ಕಡೆಯವರು ನಮ್ಮನ್ನು ಹೇಗೆ ಕಾಣುತ್ತಾರೆ ಎಂಬುದನ್ನೂ ಹೇಳಿಬಿಡುತ್ತೇವೆ. 1957ರ ಮೊದಲ ಚುನಾವಣೆಯಲ್ಲಿ ಮಂಜೇಶ್ವರದಿಂದ ಎಂ. ಉಮೇಶ ರಾಯರು ಅವಿರೋಧವಾಗಿ ಕೇರಳ ವಿಧಾನಸಭೆಗೆ ಹೋದರು. ಎದುರು ನಿಲ್ಲುವವರೇ ಇರಲಿಲ್ಲ. ಅನಂತರವೂ ವಿಲೀನದ ಕೂಗಿನ ಬಲದಿಂದ ಗೆದ್ದವರಿದ್ದರು. ಆ ಕೂಗು ಮೆಲ್ಲಗೆ ತಗ್ಗಿ, ಭಾಷಾ ಅಲ್ಪಸಂಖ್ಯಾತರ ಹಕ್ಕು ಎಂಬಲ್ಲಿಗೆ ಬಂದು ನಿಂತಿತು. ಸಂವಿಧಾನದ 350ಎ ವಿಧಿ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣದ ಬಗ್ಗೆ ಹೇಳುತ್ತದೆ. 1969ರ ಕೇರಳದ ಆಡಳಿತ ಭಾಷಾ ಕಾಯ್ದೆಯಲ್ಲಿ ಕನ್ನಡಿಗರೂ ತಮಿಳರೂ ತಮ್ಮ ಭಾಷೆಯಲ್ಲಿ ಸರಕಾರದೊಡನೆ ವ್ಯವಹರಿಸಲು ಅವಕಾಶವಿದೆ. 2017ರಲ್ಲಿ ಶಾಲೆಗಳಲ್ಲಿ ಮಲಯಾಳ ಕಲಿಕೆಯನ್ನು ಕಡ್ಡಾಯ ಮಾಡುವ ಕಾಯ್ದೆ ಬಂದಾಗ ಇಲ್ಲಿ ಮೆರವಣಿಗೆಗಳಾದವು. ಮಲಯಾಳ ಕಲಿಯುವುದಕ್ಕೆ ನಮ್ಮ ಮಕ್ಕಳ ತಕರಾರಿಲ್ಲ, ಅವರು ಅಂಗಡಿಯಲ್ಲಿಯೇ ಕಲಿತಿರುತ್ತಾರೆ. ಕನ್ನಡ ಗೊತ್ತಿಲ್ಲದವರನ್ನು ಕನ್ನಡ ಮಾಧ್ಯಮದ ತರಗತಿಗೆ ಗಣಿತ ಕಲಿಸಲು ಕಳುಹಿಸಿದಾಗ ಮಗು ಏನು ಮಾಡಬೇಕು? ನಮಗೆ ಗೊತ್ತಿರುವ ಒಂದು ಶಾಲೆಯಲ್ಲಿ ಭಿನ್ನರಾಶಿಯ ಪಾಠವನ್ನು ಮಕ್ಕಳೇ ಒಬ್ಬರಿಗೊಬ್ಬರು ಅನುವಾದ ಮಾಡಿಕೊಂಡು ಆರು ತಿಂಗಳು ಕಳೆದರು.

2020ರ ಮಾರ್ಚ್‌ನಲ್ಲಿ ಕೊರೊನಾ ಬಂದಾಗ ಕರ್ನಾಟಕ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿತು. ತಲಪಾಡಿಯಿಂದ ಕೆಲವೇ ಮೈಲಿ ದೂರದ ಮಂಗಳೂರು ನಮಗೆ ಆಸ್ಪತ್ರೆ, ಕಾಲೇಜು, ಮದುವೆಯ ಜವಳಿ ಎಲ್ಲಕ್ಕೂ ಪೇಟೆ. ಆ ವಾರಗಳಲ್ಲಿ ಆಂಬುಲೆನ್ಸುಗಳು ಹಿಂದಿರುಗಿದವು, ಚಿಕಿತ್ಸೆ ಸಿಗದೆ ಸತ್ತವರಿದ್ದಾರೆ, ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಹತ್ತಾರು ವರ್ಷ ಕರ್ನಾಟಕಕ್ಕೆ ಸೇರಬೇಕೆಂದು ಘೋಷಣೆ ಕೂಗಿದ ಒಬ್ಬ ಹಿರಿಯರು ಆಗ ನಮ್ಮೊಡನೆ ಫೋನಿನಲ್ಲಿ ಹೇಳಿದ್ದು ಇಷ್ಟೇ: "ನಾವು ಆಚೆಯವರೂ ಅಲ್ಲ ಮಾಷ್ಟ್ರೆ, ಈಚೆಯವರೂ ಅಲ್ಲ. ನಾವು ಇಲ್ಲಿಯವರು."

ಈ ಬಾರಿ ಜೂನ್‌ನಲ್ಲಿ ನಮ್ಮ ಒಂದನೆಯ ತರಗತಿಗೆ ಒಂಬತ್ತು ಮಕ್ಕಳು ಸೇರಿದರು. ಸೇರಿಸಬೇಕೋ ಬೇಡವೋ ಎಂದು ಕೇಳಲು ಬಂದ ತಂದೆಯೊಬ್ಬರು ನಮ್ಮದೇ ಹಳೆಯ ವಿದ್ಯಾರ್ಥಿ, ಮನೆಯಲ್ಲಿ ಬ್ಯಾರಿ, ಈಗ ಉಪ್ಪಳದಲ್ಲಿ ಅಂಗಡಿ. "ಇಲ್ಲಿ ಕಲಿತರೆ ಪಿ.ಎಸ್.ಸಿ. ಪರೀಕ್ಷೆ ಬರೆಯಲಿಕ್ಕೆ ಆಗ್ತದಾ ಮಾಷ್ಟ್ರೆ?" ಎಂದು ಕೇಳಿದರು. ಕೆಲವು ಪರೀಕ್ಷೆಗಳಿಗೆ ಕನ್ನಡದಲ್ಲಿಯೂ ಪ್ರಶ್ನೆಪತ್ರಿಕೆ ಇರುತ್ತದೆ, ಮಲಯಾಳವನ್ನೂ ನಾವು ಬಿಡದೆ ಕಲಿಸುತ್ತೇವೆ ಎಂದೆವು. ಅವರು ಅರ್ಜಿ ನಮೂನೆಯನ್ನು ಮಡಚಿ ಕಿಸೆಗೆ ಹಾಕಿಕೊಂಡು, ಮನೆಯಲ್ಲಿ ಒಂದು ಮಾತು ಕೇಳಿ ಬರುತ್ತೇನೆ ಎಂದು ಹೋದರು. ಮಗು ಜಗಲಿಯಲ್ಲಿ ನಿಂತು ಗೋಡೆಯ ಮೇಲಿನ ಅಕ್ಷರಮಾಲೆಯನ್ನು ಬೆರಳಿನಿಂದ ಮುಟ್ಟಿ ನೋಡುತ್ತಿತ್ತು.